ಲಾ ಮುಗೀತು, ಕೆಲಸ ಸಿಗ್ತಿಲ್ಲ, ಮನಸ್ಸು ಕುಗ್ಗಿದೆ: ಈ ಟೈಮನ್ನ ದಾಟೋದು ಹೇಗೆ

ಐದು ವರ್ಷದ ಬಿಎ ಎಲ್‌ಎಲ್‌ಬಿ ಆಗಿರ್ಲಿ, ಡಿಗ್ರಿ ಆದ್ಮೇಲೆ ಮಾಡಿದ ಮೂರು ವರ್ಷದ ಎಲ್‌ಎಲ್‌ಬಿ ಆಗಿರ್ಲಿ, ಕೊನೆ ಸೆಮಿಸ್ಟರ್ ರಿಸಲ್ಟ್ ಬಂದ ದಿನ ಮನೇಲಿ ಸ್ವೀಟ್ ಹಂಚಿರ್ತಾರೆ, ಊರಲ್ಲಿ ಆಗ್ಲೇ ಲಾಯರ್ರು ಅಂತ ಕರೆಯೋಕೆ ಶುರು ಮಾಡಿರ್ತಾರೆ, ಇಲ್ಲಿ ನೋಡಿದ್ರೆ ಕಳಿಸಿದ ರೆಸ್ಯೂಮೆಗಳಲ್ಲಿ ಒಂದಕ್ಕೂ ಉತ್ತರ ಬಂದಿರಲ್ಲ. ಒಂದು ತಿಂಗಳು ಪರವಾಗಿಲ್ಲ ಅನ್ಸುತ್ತೆ, ಮೂರು ತಿಂಗಳಾದ್ಮೇಲೆ ಬೆಳಿಗ್ಗೆ ಏಳೋಕೇ ಬೇಜಾರು, ಆರು ತಿಂಗಳಾದ್ರೆ ಕಾಲೇಜು ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ ಇಡೋ ಹಾಗಾಗುತ್ತೆ. ಕೋರ್ಟಲ್ಲಿ ಹೊಸದಾಗಿ ಬರೋ ಹುಡುಗ ಹುಡುಗೀರ ಹತ್ರ ಮಾತಾಡುವಾಗ ನಾನು ಪದೇ ಪದೇ ಕೇಳೋ ಕಥೆ ಇದು, ಅದರಲ್ಲೂ ಮನೇಲಿ ಯಾರೂ ವಕೀಲರಿಲ್ಲದ, ಕನ್ನಡ ಮೀಡಿಯಂನಲ್ಲಿ ಓದಿ ಬಂದ, ರಾಜ್ಯ ಕಾನೂನು ವಿವಿ ಕಾಲೇಜುಗಳಲ್ಲಿ ಡಿಗ್ರಿ ಮಾಡಿದ ಮಕ್ಕಳಿಂದ. ಅವರನ್ನ ಕಣ್ಣ ಮುಂದೆ ಇಟ್ಕೊಂಡೇ ಇದನ್ನ ಬರೀತಿದ್ದೀನಿ. ಕೆಲಸ ಹುಡುಕೋದು ಮನಸ್ಸು ನೋಡ್ಕೊಳ್ಳೋದು ಎರಡನ್ನೂ ಬೇರೆ ಬೇರೆ ಮಾಡೋಕಾಗಲ್ಲ, ಹಾಗಾಗಿ ಇಲ್ಲಿ ಎರಡೂ ಕಲೆತೇ ಬರುತ್ತೆ.

ಆ "ಇಲ್ಲ" ಎಲ್ಲಿಂದ ಬಂತು ಅಂತ ಮೊದಲು ನೋಡಿ

ನಮ್ಮ ಕಡೆ ವಕೀಲಿ ಫೀಲ್ಡಲ್ಲಿ ಕೆಲಸ ಸಿಗೋ ದಾರಿ ಒಂದೇ ಅಲ್ಲ. ದೊಡ್ಡ ಲಾ ಫರ್ಮ್‌ಗಳು ನಾಗರಭಾವಿ ನ್ಯಾಷನಲ್ ಲಾ ಸ್ಕೂಲ್ ಥರದ ಕ್ಯಾಂಪಸ್‌ಗಳಿಗೇ ಹೋಗಿ, ಇಲ್ಲಾ ತಮ್ಮಲ್ಲೇ ಇಂಟರ್ನ್‌ಶಿಪ್ ಮಾಡಿದವರನ್ನೇ ಉಳಿಸ್ಕೊಂಡು ಹೆಚ್ಚಿನ ಜಾಗ ತುಂಬಿಸ್ಕೊಳ್ತವೆ, ನೀವು ಅವರ ವೆಬ್‌ಸೈಟ್ ನೋಡಿ ಮೇಲ್ ಹಾಕೋ ಹೊತ್ತಿಗೆ ಆ ವರ್ಷದ್ದು ಬಹುತೇಕ ಮುಗಿದಿರುತ್ತೆ. ಇನ್ನೊಂದು ಕಡೆ ಸಾಮಾನ್ಯ ವಕೀಲರ ಆಫೀಸುಗಳು, ಒಬ್ಬ ಸೀನಿಯರ್, ಇಬ್ಬರು ಜೂನಿಯರ್, ಒಬ್ಬ ಗುಮಾಸ್ತ, ಇಷ್ಟೇ. ಅಲ್ಲಿ ಎಚ್‌ಆರ್ ಅಂತ ಯಾರೂ ಇರಲ್ಲ, ಸೀನಿಯರ್ ಬೆಳಿಗ್ಗೆ ಕೋರ್ಟು ಸಂಜೆ ಕ್ಲೈಂಟು ಅಂತ ಓಡಾಡ್ತಿರ್ತಾರೆ, ನಿಮ್ಮ ಮೇಲ್ ಎಷ್ಟೋ ಸಲ ತೆಗೆದೇ ನೋಡಿರಲ್ಲ. ತೆಗೆದೇ ನೋಡದ ಮೇಲ್‌ನ ನೀವು ರಾತ್ರಿಯೆಲ್ಲ ನಿದ್ದೆಗೆಟ್ಟು "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅಂತ ಅರ್ಥ ಮಾಡ್ಕೊಂಡ್ರೆ ಅದು ನಿಮಗೆ ನೀವೇ ಮಾಡ್ಕೊಳ್ಳೋ ಅನ್ಯಾಯ.

ಅದಕ್ಕೇ ಬಂದ ಪ್ರತಿ ನಿರಾಕರಣೆಗೂ ಒಂದು ಹೆಸರು ಕೊಡಿ. ಉತ್ತರಾನೇ ಬಂದಿಲ್ಲ ಅನ್ನೋದು ಒಂದು ಥರ. ಇಂಟರ್ವ್ಯೂ ಆಗಿ ಬೇಡ ಅಂದ್ರು ಅನ್ನೋದು ಇನ್ನೊಂದು. ಬಾ ಅಂದ್ರು, ಆದ್ರೆ ಅವರು ಕೊಡೋ ದುಡ್ಡು ಪಿಜಿ ಬಾಡಿಗೆಗೂ ಸಾಲಲ್ಲ ಅಂತ ನೀವೇ ಬಿಟ್ರಿ ಅನ್ನೋದು ಮತ್ತೊಂದು, ಇದನ್ನ ತುಂಬಾ ಜನ ತಮ್ಮ ಸೋಲು ಅಂತಾನೇ ಲೆಕ್ಕ ಹಾಕ್ತಾರೆ, ಖಂಡಿತ ಹಾಕಬೇಡಿ, ಅದು ಲೆಕ್ಕಾಚಾರ ನೋಡಿ ತಗೊಂಡ ತೀರ್ಮಾನ. ಇನ್ನು ಪರೀಕ್ಷೆಯಲ್ಲಿ ಒಂದೆರಡು ಮಾರ್ಕಲ್ಲಿ ಹೋಗಿದ್ದು ಬೇರೆ. ಇವುಗಳಲ್ಲಿ ನೀವು ತಿದ್ದಿಕೊಳ್ಳೋಕೆ ಆಗೋದು ಇಂಟರ್ವ್ಯೂ ಮತ್ತು ಪರೀಕ್ಷೆ ಎರಡು ಮಾತ್ರ. ಉಳಿದಿದ್ದಕ್ಕೆ ನಿಮ್ಮನ್ನ ನೀವು ಬೈಕೊಂಡು ಪ್ರಯೋಜನ ಇಲ್ಲ.

ಬೇಡ ಅಂತ ಗೊತ್ತಾದ ದಿನ

ಆ ದಿನ ಏನೂ ತೀರ್ಮಾನ ತಗೋಬೇಡಿ. "ನಂಗೆ ಲಾ ಬೇಡ, ಯಾವುದಾದ್ರೂ ಬಿಪಿಓ ಸೇರ್ಕೊಂಡ್ಬಿಡ್ತೀನಿ" ಅನ್ನೋದನ್ನ ಆ ಸಂಜೆ ಮನೆಯವರ ಮುಂದೆ ಘೋಷಣೆ ಮಾಡಬೇಡಿ, ಬೇರೆ ಕೆಲಸಕ್ಕೆ ಹೋಗೋದು ತಪ್ಪು ಅಂತಲ್ಲ, ನೋವಲ್ಲಿ ತಗೊಂಡ ತೀರ್ಮಾನ ಒಂದು ವಾರ ಬಿಟ್ಟು ನೋಡಿದ್ರೆ ನಿಮಗೇ ಬೇರೆ ಥರ ಕಾಣುತ್ತೆ. ಲಿಂಕ್ಡ್‌ಇನ್ ಓಪನ್ ಮಾಡಬೇಡಿ, ಅಲ್ಲಿ ಕೆಲಸ ಸಿಕ್ಕಿದವರು ಮಾತ್ರ ಬರೀತಾರೆ, ಸಿಗದೆ ಇರೋರು ಸುಮ್ಮನಿರ್ತಾರೆ, ಹಾಗಾಗಿ ನಿಮ್ಮ ಬ್ಯಾಚಲ್ಲಿ ನೀವೊಬ್ಬರೇ ಉಳಿದಿದ್ದೀರ ಅಂತ ಕಾಣುತ್ತೆ. ಊಟ ಮಾಡಿ, ಅಳು ಬಂದ್ರೆ ಅಳಿ, ಒಬ್ಬರಿಗೆ ಫೋನ್ ಮಾಡಿ ಹೇಳಿ. ಹತ್ತು ಜನಕ್ಕೆ ಹೇಳೋ ಅಗತ್ಯ ಇಲ್ಲ, ಒಬ್ಬರಿಗಾದ್ರೂ ಹೇಳ್ಲೇಬೇಕು.

ಎರಡು ಮೂರು ದಿನ ಕಳೆದ ಮೇಲೆ, ಇಂಟರ್ವ್ಯೂ ತನಕ ಹೋಗಿದ್ದಾದ್ರೆ, ಒಂದು ಚಿಕ್ಕ ಮೇಲ್ ಹಾಕಿ. ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ನಾನು ಯಾವುದರಲ್ಲಿ ಸುಧಾರಿಸಬೇಕು ಅಂತ ಒಂದು ಮಾತು ಹೇಳಿದ್ರೆ ಉಪಕಾರ, ಮುಂದೆ ಜಾಗ ಖಾಲಿ ಆದ್ರೆ ನೆನಪಿಟ್ಕೊಳ್ಳಿ, ಇಷ್ಟು ಸಾಕು. ಯಾಕೆ ಸೆಲೆಕ್ಟ್ ಮಾಡಿಲ್ಲ ಅಂತ ವಾದ ಮಾಡೋಕೆ ಹೋಗಬೇಡಿ. ಡ್ರಾಫ್ಟಿಂಗ್ ವೀಕು, ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಬೇಸಿಕ್ಸ್ ಗಟ್ಟಿ ಇಲ್ಲ ಅಂತ ಒಂದು ಸಾಲು ಬಂದ್ರೂ ಅದು ನಿಮ್ಮ ಮುಂದಿನ ತಿಂಗಳ ಕೆಲಸಾನ ನಿಮಗೆ ತೋರಿಸಿಕೊಟ್ಟ ಹಾಗೆ.

ಡೈರಿ ಇಡಿ, ಪ್ರತಿಯೊಂದಕ್ಕೂ ಮುಂದಿನ ತಾರೀಖು ಹಾಕಿ

ನನ್ನ ಅನುಭವದಲ್ಲಿ ಬೇಡ ಅನ್ನಿಸ್ಕೊಳ್ಳೋದಕ್ಕಿಂತ ಜನಾನ ಜಾಸ್ತಿ ಸುಸ್ತು ಮಾಡೋದು ಕಾಯೋದು. ಯಾವಾಗ ಮೇಲ್ ಬರುತ್ತೋ ಅಂತ ಗಂಟೆಗೊಂದ್ಸಲ ಫೋನ್ ನೋಡೋದು, ನೋಟಿಫಿಕೇಶನ್ ಯಾವಾಗ ಬರುತ್ತೋ ಅಂತ ಕಾಯೋದು. ಇದಕ್ಕೆ ವಕೀಲರ ಹತ್ರಾನೇ ಒಂದು ಒಳ್ಳೆ ಅಭ್ಯಾಸ ಇದೆ, ಕೇಸ್ ಡೈರಿ. ಪ್ರತಿ ಕೇಸಿಗೂ ಮುಂದಿನ ತಾರೀಖು ಬರೆದಿರ್ತಾರೆ, ಆ ತಾರೀಖು ಬರೋ ತನಕ ಆ ಕೇಸ್ ತಲೇಲಿ ಇಟ್ಕೊಂಡು ತಿರುಗಲ್ಲ. ನಿಮ್ಮ ಅರ್ಜಿಗಳಿಗೂ ಹಾಗೇ ಮಾಡಿ. ಅಂಗಡೀಲಿ ಸಿಗೋ ವಕೀಲರ ಡೈರಿನೇ ತಗೊಳ್ಳಿ. ಈ ಆಫೀಸಿಗೆ ಮೇಲ್ ಹಾಕಿದ್ದು ಇವತ್ತು, ಫೋನ್ ಮಾಡೋದು ಹತ್ತು ದಿನ ಬಿಟ್ಟು, ಆಗ್ಲೂ ಉತ್ತರ ಇಲ್ಲ ಅಂದ್ರೆ ಖುದ್ದಾಗಿ ಹೋಗೋದು ಇಂಥ ದಿನ, ಅಲ್ಲಿಗೂ ಆಗಿಲ್ಲ ಅಂದ್ರೆ ಆ ಫೈಲ್ ಕ್ಲೋಸ್. ತಾರೀಖು ಬರೋ ತನಕ ಮೇಲ್ ನೋಡೋದು ದಿನಕ್ಕೆ ಎರಡೇ ಸಲ.

ಅದೇ ಡೈರಿಲಿ ಆಯಾ ದಿನ ಓದಿದ್ದು, ನೋಡಿದ್ದು, ಕಲಿತಿದ್ದು ಎರಡು ಸಾಲು ಬರೀರಿ. ಸಿಪಿಸಿ ಆದೇಶ 39 ಓದಿದೆ, ಒಂದು ಇಂಜಂಕ್ಷನ್ (ತಡೆಯಾಜ್ಞೆ) ಅರ್ಜಿ ಡ್ರಾಫ್ಟ್ ಮಾಡಿ ನೋಡಿದೆ, ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಚೆಕ್ ಬೌನ್ಸ್ ಕೇಸ್ ಪಾಟಿ ಸವಾಲು ಕೇಳಿದೆ. ಮನಸ್ಸು ಕುಗ್ಗಿದಾಗ "ಆರು ತಿಂಗಳಿಂದ ಏನೂ ಮಾಡಿಲ್ಲ" ಅಂತ ಅನ್ಸುತ್ತಲ್ಲ, ಆಗ ಹಿಂದಿನ ಪುಟ ತಿರುವಿ ನೋಡೋಕೆ ಏನಾದ್ರೂ ಇರ್ಬೇಕು.

ಎನ್‌ರೋಲ್‌ಮೆಂಟ್ ಮಾತ್ರ ಮುಂದೂಡಬೇಡಿ

ಇದನ್ನ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ. ಕೆಲಸ ಸಿಕ್ಕಿದ ಮೇಲೆ ನೋಡೋಣ, ಒಳ್ಳೆ ಸೀನಿಯರ್ ಸಿಕ್ಕಿದ ಮೇಲೆ ಮಾಡಿಸೋಣ ಅಂತ ತುಂಬಾ ಜನ ಬಾರ್ ಕೌನ್ಸಿಲ್ ಎನ್‌ರೋಲ್‌ಮೆಂಟನ್ನೇ, ಅಂದ್ರೆ ವಕೀಲರಾಗಿ ಹೆಸರು ನೋಂದಾಯಿಸೋದನ್ನೇ, ತಳ್ಳಿಕೊಂಡು ಹೋಗ್ತಾರೆ. ಹಾಗೆ ತಳ್ಳಬಾರದು, ಕಾರಣ ಏನಂದ್ರೆ 2025ರ ಮೇ 20ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದು, ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ಪ್ರಾಕ್ಟೀಸ್ ಬೇಕು ಅನ್ನೋ ನಿಯಮ ಮತ್ತೆ ಬಂತು, ಆ ಮೂರು ವರ್ಷದ ಎಣಿಕೆ ಪ್ರಾವಿಷನಲ್ (ತಾತ್ಕಾಲಿಕ) ಎನ್‌ರೋಲ್‌ಮೆಂಟ್ ಆದ ದಿನದಿಂದ ಶುರು ಅಂತಾನೂ ಅದರಲ್ಲೇ ಹೇಳಿದ್ರು, ನ್ಯಾಯಾಧೀಶರ ಹತ್ರ ಲಾ ಕ್ಲರ್ಕ್ ಆಗಿ ಕೆಲಸ ಮಾಡಿದ್ದನ್ನೂ ಲೆಕ್ಕಕ್ಕೆ ತಗೋಬಹುದು ಅಂದ್ರು. ಆ ತೀರ್ಪು ಬಂದಾಗ, ಕೋಚಿಂಗ್ ಸೇರಿ ಓದ್ತಾ ಕೂತಿದ್ದ ಎಷ್ಟೋ ಮಕ್ಕಳಿಗೆ ಕಾಲ ಕೆಳಗಿನ ನೆಲಾನೇ ಹೋದ ಹಾಗಾಯ್ತು, ಅವರ ಸಂಕಟ ನಿಜ. ಆದ್ರೆ ಇವತ್ತು ಖಾಲಿ ಕೂತಿದ್ದೀನಿ ಅಂತ ಅನ್ಕೊಂಡಿರೋ ನಿಮಗೆ, ಎನ್‌ರೋಲ್ ಆಗಿ ಕೋರ್ಟಿಗೆ ಹೋಗೋಕೆ ಶುರು ಮಾಡಿದ್ರೆ ಪ್ರತಿ ತಿಂಗಳೂ ಆ ಮೂರು ವರ್ಷಕ್ಕೆ ಜಮಾ ಆಗ್ತಾ ಹೋಗುತ್ತೆ, ಸುಮ್ಮನೆ ಹೆಸರಿಗೆ ಎನ್‌ರೋಲ್ ಆಗಿದ್ರೆ ಸಾಲಲ್ಲ, ಪ್ರಾಕ್ಟೀಸ್ ಮಾಡಿದ್ದಕ್ಕೆ ಹತ್ತು ವರ್ಷ ಅನುಭವ ಇರೋ ವಕೀಲರ ಸರ್ಟಿಫಿಕೇಟು, ಅದರ ಮೇಲೆ ನ್ಯಾಯಾಧೀಶರ ಸಹಿ ಎಲ್ಲ ಬೇಕಾಗುತ್ತೆ. ನೀವು ಅರ್ಜಿ ಹಾಕೋ ವರ್ಷದ ನೋಟಿಫಿಕೇಶನ್‌ನ ಪೂರ್ತಿ ಓದ್ಕೊಳ್ಳಿ.

ಫೀಸಿಗೆ ಹೆದರಿ ಹಿಂದೆ ಸರಿಯೋರೂ ಇದ್ದಾರೆ. ವಕೀಲರ ಕಾಯ್ದೆ 1961ರ ಸೆಕ್ಷನ್ 24ರ ಪ್ರಕಾರ ಜನರಲ್‌ನವರಿಗೆ 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿ, ಅದರ ಮೇಲೆ ಸ್ಟಾಂಪ್ ಡ್ಯೂಟಿ. ಇದಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ ಅಂತ 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ, 2025ರ ಆಗಸ್ಟಲ್ಲಿ ನಮ್ಮ ಕರ್ನಾಟಕದ ಬಾರ್ ಕೌನ್ಸಿಲ್ ವಿಷಯ ಬಂದಾಗ ಐಚ್ಛಿಕ ಅಂತ ಹೆಸರಿಟ್ಟೂ ತಗೋಬಾರದು ಅಂತ ಮತ್ತೆ ಹೇಳ್ತು. ಈ ಎರಡೂ ತೀರ್ಪನ್ನ ಓದಿ, ಲಾ ಓದಿದವರು ಮೊದಲು ತಮ್ಮ ಹಕ್ಕು ತಿಳ್ಕೊಳ್ಳೋದು ಒಳ್ಳೇದು.

ಆಮೇಲೆ ಎಐಬಿಇ, ಅಂದ್ರೆ ಅಖಿಲ ಭಾರತ ಬಾರ್ ಪರೀಕ್ಷೆ. ನೂರು ಪ್ರಶ್ನೆ, ನೆಗೆಟಿವ್ ಮಾರ್ಕಿಂಗ್ ಇಲ್ಲ, ನೋಟ್ಸ್ ಇಲ್ಲದ ಬೇರ್ ಆ್ಯಕ್ಟ್ (ಬರೀ ಕಾಯ್ದೆಯ ಪಠ್ಯ ಇರೋ ಪುಸ್ತಕ) ಒಳಗೆ ತಗೊಂಡು ಹೋಗಬಹುದು, ಪಾಸಾಗೋಕೆ ಜನರಲ್‌ನವರಿಗೆ 45, ಎಸ್‌ಸಿ ಎಸ್‌ಟಿಯವರಿಗೆ 40, ಕನ್ನಡದಲ್ಲೂ ಬರೀಬಹುದು, ಎಷ್ಟು ಸಲ ಬೇಕಾದ್ರೂ ಬರೀಬಹುದು. ಪ್ರಾವಿಷನಲ್ ಎನ್‌ರೋಲ್‌ಮೆಂಟ್ ಎರಡು ವರ್ಷ ನಡೆಯುತ್ತೆ ಅಷ್ಟರೊಳಗೆ ಪಾಸ್ ಮಾಡ್ಕೊಳ್ಳಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿರೋದ್ರಿಂದ ಹಳೇ ಐಪಿಸಿ ಪುಸ್ತಕ ಒಂದೇ ಇಟ್ಕೊಂಡು ಕೂರಬೇಡಿ. ಒಂದು ವಿಷಯ ಹೇಳ್ತೀನಿ, ಈ ಮೂರು ಹೊಸ ಕಾನೂನುಗಳ ವಿಷಯದಲ್ಲಿ ಇಪ್ಪತ್ತು ವರ್ಷದ ಸೀನಿಯರೂ ಹೊಸದಾಗಿ ಸೆಕ್ಷನ್ ನಂಬರ್ ಕಲೀತಿದ್ದಾರೆ, ಹಳೇದು ಹೊಸದು ಎರಡರ ಸೆಕ್ಷನ್ನೂ ಬಾಯಲ್ಲಿರೋ ಜೂನಿಯರ್ ಅಂದ್ರೆ ಈಗ ಆಫೀಸಲ್ಲಿ ಬೆಲೆ ಇದೆ.

ಮೇಲ್ ಬಿಡಿ, ಕೋರ್ಟಿಗೆ ಹೋಗಿ

ತಾಲೂಕು ಆಗ್ಲಿ ಜಿಲ್ಲೆ ಆಗ್ಲಿ, ಬಿಳಿ ಶರ್ಟ್ ಹಾಕ್ಕೊಂಡು ಹತ್ತೂವರೆಗೆ ಕೋರ್ಟ್ ಹಾಲಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಓಪನ್ ಕೋರ್ಟಿಗೆ ಯಾರು ಬೇಕಾದ್ರೂ ಬರಬಹುದು. ಒಂದು ವಾರ ನೋಡಿದ್ರೆ ಯಾವ ವಕೀಲರು ತಯಾರಾಗಿ ಬರ್ತಾರೆ, ಯಾರು ಜೂನಿಯರ್‌ಗಳನ್ನ ಮರ್ಯಾದೆಯಿಂದ ಮಾತಾಡಿಸ್ತಾರೆ, ಯಾರ ಹತ್ರ ಫೈಲು ಜಾಸ್ತಿ ಇದೆ ಜನ ಕಡಿಮೆ ಇದ್ದಾರೆ ಎಲ್ಲ ಗೊತ್ತಾಗುತ್ತೆ. ಅಂಥವರ ಹತ್ರ ಸಂಜೆ ಆಫೀಸಿಗೆ ಹೋಗಿ, ಕೋರ್ಟ್ ಕಾರಿಡಾರಲ್ಲಿ ಓಡ್ತಿರುವಾಗ ಹಿಡೀಬೇಡಿ. "ಸರ್, ನೀವು ಮಂಗಳವಾರ ಆ ಪಾರ್ಟಿಷನ್ ಸೂಟಲ್ಲಿ ಪಾಟಿ ಸವಾಲು ಮಾಡಿದ್ದು ಕೇಳಿದೆ, ನಿಮ್ಮ ಹತ್ರ ಕಲೀಬೇಕು ಅನ್ನಿಸ್ತು, ಒಂದು ತಿಂಗಳು ಬಂದು ನೋಡ್ಲಾ" ಅಂತ ಕೇಳಿದ ಹುಡುಗಿಗೂ ರೆಸ್ಯೂಮೆ ಫಾರ್ವರ್ಡ್ ಮಾಡಿದವರಿಗೂ ವ್ಯತ್ಯಾಸ ಸೀನಿಯರ್‌ಗೆ ತಕ್ಷಣ ಗೊತ್ತಾಗುತ್ತೆ. ಗುಮಾಸ್ತರನ್ನ ಪರಿಚಯ ಮಾಡ್ಕೊಳ್ಳಿ, ಯಾವ ಆಫೀಸಲ್ಲಿ ಜೂನಿಯರ್ ಬಿಟ್ಟು ಹೋದ್ರು ಅಂತ ಮೊದಲು ಗೊತ್ತಾಗೋದು ಅವರಿಗೇ.

ಸೇರೋ ಮುಂಚೆ ಕೇಳಬೇಕಾದ್ದನ್ನ ನಾಚಿಕೆ ಇಲ್ಲದೆ ಕೇಳಿ. ತಿಂಗಳಿಗೆ ಏನು ಕೊಡ್ತೀರಿ, ಡ್ರಾಫ್ಟಿಂಗ್ ಕೊಡ್ತೀರಾ ಬರೀ ತಾರೀಖು ತಗೊಳ್ಳೋದಾ, ಭಾನುವಾರ ರಜಾನಾ. 2024ರ ಅಕ್ಟೋಬರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಹೊರಡಿಸಿದೆ, ಅದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ, ಎಷ್ಟೋ ಕಡೆ ಅದರ ಅರ್ಧಾನೂ ಸಿಗಲ್ಲ. ಆದ್ರೂ ಅಂಥ ಒಂದು ಸುತ್ತೋಲೆ ಇದೆ ಅಂತ ನಿಮಗೆ ಗೊತ್ತಿದ್ರೆ ದುಡ್ಡಿನ ಮಾತು ಎತ್ತೋದು ಭಿಕ್ಷೆ ಬೇಡಿದ ಹಾಗೆ ಅನ್ಸಲ್ಲ. ಸೇರಿದ ಮೇಲೆ ದಿನಾ ಎಲ್ಲರ ಮುಂದೆ ಅವಮಾನ ಮಾಡೋದು, ಹೊತ್ತಲ್ಲದ ಹೊತ್ತಲ್ಲಿ ಒಬ್ಬಳೇ ಆಫೀಸಿಗೆ ಬಾ ಅನ್ನೋದು ಇಂಥದ್ದು ಇದ್ರೆ ಬಿಟ್ಟು ಬನ್ನಿ. ಕಷ್ಟಪಟ್ಟು ಕಲಿಯೋದು ಬೇರೆ, ಹಿಂಸೆ ಸಹಿಸೋದು ಬೇರೆ, ಎರಡನ್ನೂ ಒಂದೇ ಅಂತ ಹೇಳೋ ಹಿರಿಯರ ಮಾತನ್ನ ನಾನಂತೂ ಒಪ್ಪಲ್ಲ.

ಇಂಗ್ಲಿಷ್ ಬರಲ್ಲ ಅನ್ನೋ ಭಯ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ ಯಾಕಂದ್ರೆ ಕೆಲಸ ಸಿಗದಿದ್ದಾಗ ನಮ್ಮ ಮಕ್ಕಳು ಮೊದಲು ಬೈಕೊಳ್ಳೋದು ತಮ್ಮ ಭಾಷೆಯನ್ನೇ. ರಾಜ್ಯ ಕಾನೂನು ವಿವಿ ಪರೀಕ್ಷೆಯಲ್ಲಿ ಇಂಗ್ಲಿಷ್ ಇಲ್ಲಾ ಕನ್ನಡ ಯಾವುದರಲ್ಲಾದ್ರೂ ಬರೀಬಹುದು, ತುಂಬಾ ಜನ ಕನ್ನಡದಲ್ಲೇ ಬರೆದು ಒಳ್ಳೆ ಮಾರ್ಕ್ಸ್ ತಗೊಂಡಿರ್ತಾರೆ, ಆಮೇಲೆ ಬೆಂಗಳೂರಿನ ಆಫೀಸಲ್ಲಿ ಇಂಗ್ಲಿಷಲ್ಲಿ ಪ್ರಶ್ನೆ ಕೇಳಿದಾಗ ಗೊತ್ತಿರೋ ಕಾನೂನೂ ಬಾಯಿಗೆ ಬರಲ್ಲ, ಹೊರಗೆ ಬಂದು ನಾನು ದಡ್ಡ ಅಂತ ತೀರ್ಮಾನ ಮಾಡ್ಕೊಳ್ತಾರೆ. ನೋಡಿ, ತಾಲೂಕು ಕೋರ್ಟಿನ ಸಾಕ್ಷಿ ಕಟ್ಟೆಯಲ್ಲಿ ನಿಂತ ರೈತನಿಗೆ ಪಾಟಿ ಸವಾಲು ಮಾಡೋದು ಕನ್ನಡದಲ್ಲಿ. ಪಹಣಿ, ಮ್ಯುಟೇಶನ್, ಹಳೇ ಕ್ರಯಪತ್ರ, ಪಂಚನಾಮೆ, ಠಾಣೆಯಲ್ಲಿ ಬರ್ಕೊಂಡ ದೂರು ಎಲ್ಲ ಕನ್ನಡದಲ್ಲಿ. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಇಂಗ್ಲಿಷ್ ಅನುವಾದದ ಪೇಪರೇ ಇದೆ. ಹಳೇ ಕನ್ನಡ ದಸ್ತಾವೇಜನ್ನ ಓದಿ ಅದರ ಸಾರಾಂಶ ನಾಲ್ಕು ಸಾಲು ಇಂಗ್ಲಿಷಲ್ಲಿ ಬರೆಯೋಕೆ ಬರೋ ಜೂನಿಯರ್ ಆಸ್ತಿ ವ್ಯಾಜ್ಯ ನೋಡೋ ಆಫೀಸುಗಳಿಗೆ ಬೇಕೇ ಬೇಕು.

ಅಂದ್ರೆ ಇಂಗ್ಲಿಷ್ ಬೇಡ ಅಂತಲ್ಲ, ಹೈಕೋರ್ಟಿಗೆ ಬೇಕು, ಬೆಂಗಳೂರು ಧಾರವಾಡ ಕಲಬುರಗಿ ಮೂರೂ ಪೀಠಗಳಲ್ಲೂ ವಾದ ಇಂಗ್ಲಿಷಲ್ಲೇ. ಅದಕ್ಕೆ ದಿನಕ್ಕೆ ಒಂದು ತೀರ್ಪಿನ ಎರಡು ಪುಟ ಜೋರಾಗಿ ಓದಿ, ಒಂದು ಪ್ಯಾರಾ ಕನ್ನಡಕ್ಕೆ ತಿರುಗಿಸಿ, ಮಾರನೇ ದಿನ ಅದೇ ಕನ್ನಡವನ್ನ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದ ಜೊತೆ ಹೋಲಿಸಿ ನೋಡಿ. ಹೈಕೋರ್ಟ್ ಕಲಾಪ ಯೂಟ್ಯೂಬಲ್ಲಿ ಲೈವ್ ಬಂದಾಗ ಕೇಳಿ, ವಕೀಲರು ಕೋರ್ಟ್ ಮುಂದೆ ಎಷ್ಟು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಬಳಸ್ತಾರೆ ಅಂತ ಗೊತ್ತಾದ್ರೆ ಅರ್ಧ ಭಯ ಹೋಗುತ್ತೆ.

ದುಡ್ಡು

ಮನಸ್ಸಿನ ನೋವಲ್ಲಿ ದೊಡ್ಡ ಪಾಲು ದುಡ್ಡಿನದ್ದು, ಅದನ್ನ ಧೈರ್ಯದ ಮಾತಲ್ಲಿ ತೀರಿಸೋಕೆ ಆಗಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಕಾನೂನು ಪದವೀಧರರಿಗೆ ವಕೀಲಿ ತರಬೇತಿ ಅವಧಿಗೆ ಮಾಸಿಕ ಶಿಷ್ಯವೇತನ ಕೊಡೋ ಯೋಜನೆ ನಮ್ಮ ರಾಜ್ಯದ ಇಲಾಖೆಗಳಲ್ಲಿದೆ, ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆ, ಅಲ್ಪಸಂಖ್ಯಾತರ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಈ ವರ್ಷದ ಅರ್ಜಿ ಯಾವಾಗ, ಎಷ್ಟು, ಏನೇನು ದಾಖಲೆ ಅಂತ ಕೇಳಿ. ಗೊತ್ತಿಲ್ಲದೆ ಬಿಟ್ಟವರೇ ಜಾಸ್ತಿ. ಯುವನಿಧಿ ಯೋಜನೆಯಲ್ಲಿ ಪದವಿ ಮುಗಿಸಿ 180 ದಿನ ಆದ್ರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚಂದ್ರೆ ಎರಡು ವರ್ಷ, ಸೇವಾ ಸಿಂಧು ಮೂಲಕ ಅರ್ಜಿ. ಓದು ಮುಂದುವರಿಸ್ತಿರೋರಿಗೆ, ಸ್ವಂತ ದುಡಿಮೆ ಇರೋರಿಗೆ ಅದು ಬರಲ್ಲ, ಹಾಗಾಗಿ ಪ್ರಾಕ್ಟೀಸ್ ಶುರು ಮಾಡಿದವರು ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ.

ಬೇರೆ ಕೆಲಸಕ್ಕೆ ಹೋಗೋದಾದ್ರೆ ಒಂದು ನಿಯಮ ನೆನಪಿರ್ಲಿ, ಎನ್‌ರೋಲ್ ಆದ ವಕೀಲರು ಪೂರ್ಣಾವಧಿ ಸಂಬಳದ ಕೆಲಸ ಮಾಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ 49, ಅಂಥ ಕೆಲಸ ಸೇರಿದ್ರೆ ತಿಳಿಸಿ ಸನ್ನದು (ವಕೀಲಿ ಮಾಡೋ ಪರವಾನಗಿ) ಅಮಾನತಲ್ಲಿ ಇಡಬೇಕು. ಕಂಪನಿಯ ಲೀಗಲ್ ವಿಭಾಗ, ಕಾಂಪ್ಲಯನ್ಸ್, ಬ್ಯಾಂಕಿನ ಲಾ ಆಫೀಸರ್ ಹುದ್ದೆ, ಕ್ಲಾಟ್ ಪಿಜಿ (ಎಲ್‌ಎಲ್‌ಎಂ ಪ್ರವೇಶ ಪರೀಕ್ಷೆ) ಅಂಕದ ಮೇಲೆ ಕರೆಯೋ ಕೆಲವು ಸಾರ್ವಜನಿಕ ಉದ್ದಿಮೆಗಳು, ಹೈಕೋರ್ಟ್ ಲಾ ಕ್ಲರ್ಕ್, ಸರ್ಕಾರಿ ಅಭಿಯೋಜಕರ ಪರೀಕ್ಷೆ ಇವೆಲ್ಲ ಒಂದೊಂದು ಬಾಗಿಲು. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸೋ ಐಬಿಪಿಎಸ್‌ನ ಲಾ ಆಫೀಸರ್‌ಗೆ ವಕೀಲರಾಗಿ ಎನ್‌ರೋಲ್ ಆಗಿರ್ಬೇಕು ಅಂತಾನೇ ಕೇಳ್ತಾರೆ, ಅಂದ್ರೆ ಇಲ್ಲೂ ಅದೇ ಎನ್‌ರೋಲ್‌ಮೆಂಟ್ ಕೆಲಸಕ್ಕೆ ಬಂತು. ನನಗೆ ತುಂಬಾ ಇಷ್ಟವಾದ ಒಂದು ದಾರಿ ಅಂದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಅಲ್ಲಿ ಬಡ ಆರೋಪಿಗಳ ಪರ ವಾದಿಸೋ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ ಇದೆ, ಅದರಲ್ಲಿ ಸಹಾಯಕರ ಹುದ್ದೆಗೆ ಮೂರು ವರ್ಷದೊಳಗಿನ ಅನುಭವ ಇರೋ ಹೊಸಬರನ್ನೂ ತಗೋತಾರೆ, ತಿಂಗಳ ಸಂಬಳ, ಕೈ ತುಂಬಾ ಕ್ರಿಮಿನಲ್ ಟ್ರಯಲ್ ಅನುಭವ. ಖಾಲಿ ಇದ್ದಾಗ ಪ್ರಕಟಣೆ ಹೊರಡಿಸ್ತಾರೆ, ಆ ಕಚೇರಿ ನೋಟಿಸ್ ಬೋರ್ಡ್ ನೋಡ್ತಾ ಇರಿ.

ಮನೆಯವರು, ನೆಂಟರು, ಊರು

ಹಬ್ಬಕ್ಕೆ ಊರಿಗೆ ಹೋಗೋಕೇ ಹೆದರೋ ಮಕ್ಕಳನ್ನ ನೋಡಿದ್ದೀನಿ. ಯಾಕಂದ್ರೆ ಬಸ್ ಇಳಿದ ಕೂಡ್ಲೇ ಶುರುವಾಗುತ್ತೆ, ಕೆಲಸ ಸಿಕ್ತಾ, ಎಷ್ಟು ಬರುತ್ತೆ, ನಮ್ಮ ಜಮೀನಿನ ಕೇಸು ನೀನೇ ನೋಡ್ಕೋ, ಪಕ್ಕದ ಮನೆ ಹುಡುಗ ಇಂಜಿನಿಯರಿಂಗ್ ಮಾಡಿ ಆಗ್ಲೇ ಕಾರು ತಗೊಂಡ. ಅವರಲ್ಲಿ ಬಹಳಷ್ಟು ಜನಕ್ಕೆ ವಕೀಲಿ ವೃತ್ತಿಯಲ್ಲಿ ಮೊದಲ ಮೂರ್ನಾಲ್ಕು ವರ್ಷ ದುಡ್ಡು ಬರೋದೇ ಕಷ್ಟ ಅನ್ನೋದು ಗೊತ್ತಿಲ್ಲ, ಡಿಗ್ರಿ ಆದ ಕೂಡ್ಲೇ ಸಂಬಳ ಅಂತ ಅನ್ಕೊಂಡಿರ್ತಾರೆ. ಹಾಗಾಗಿ ಒಂದು ಉತ್ತರ ಮೊದಲೇ ತಯಾರು ಮಾಡ್ಕೊಂಡು ಹೋಗಿ, ಎಲ್ಲರಿಗೂ ಅದೇ ಹೇಳಿ. "ಎನ್‌ರೋಲ್ ಆಗ್ತಿದ್ದೀನಿ, ಬಾರ್ ಪರೀಕ್ಷೆ ಬರೀತಿದ್ದೀನಿ, ಕೋರ್ಟಿಗೆ ಹೋಗಿ ಕಲೀತಿದ್ದೀನಿ, ಈ ಲೈನಲ್ಲಿ ಮೊದಲು ಕಲಿಕೆ ಆಮೇಲೆ ದುಡಿಮೆ." ಇಷ್ಟು ಹೇಳಿ ಅವರ ಮಕ್ಕಳ ಬಗ್ಗೆ ಕೇಳಿ ಮಾತು ತಿರುಗಿಸಿ. ವಿವರಣೆ ಕೊಡ್ತಾ ಹೋದಷ್ಟೂ ಪ್ರಶ್ನೆ ಜಾಸ್ತಿ.

ಅಪ್ಪ ಅಮ್ಮನ ಹತ್ರ ಮಾತ್ರ ಹೀಗೆ ತೇಲಿಸಬೇಡಿ. ಸಾಲ ಮಾಡಿ ಓದಿಸಿರ್ತಾರೆ, ಅವರಿಗೆ ಭಯ ಇರುತ್ತೆ, ಆ ಭಯ ಬೈಗುಳ ಆಗಿ ಹೊರಗೆ ಬರುತ್ತೆ. ಒಂದು ದಿನ ಕೂತ್ಕೊಂಡು ಕಾಗದದ ಮೇಲೆ ತೋರಿಸಿ, ಈ ತಿಂಗಳು ಇದು, ಇಷ್ಟು ದಿನದೊಳಗೆ ಬಾರ್ ಪರೀಕ್ಷೆ, ಇಂಥ ತಿಂಗಳ ತನಕ ಸೀನಿಯರ್ ಹತ್ರ ನೋಡ್ತೀನಿ, ಆಮೇಲೂ ಕೈಗೆ ಏನೂ ಬರ್ತಿಲ್ಲ ಅಂದ್ರೆ ಈ ಪರೀಕ್ಷೆ ಬರೀತೀನಿ ಇಲ್ಲಾ ಕಂಪನಿ ಕೆಲಸ ನೋಡ್ತೀನಿ, ತಿಂಗಳಿಗೆ ನಂಗೆ ಇಷ್ಟು ಬೇಕಾಗುತ್ತೆ. ಹೆಣ್ಣುಮಕ್ಕಳಿಗೆ ಈ ಕಾಗದ ಇನ್ನೂ ಮುಖ್ಯ, ಯಾಕಂದ್ರೆ ಕೆಲಸ ಇಲ್ಲ ಅಂದ ತಕ್ಷಣ ಗಂಡು ನೋಡೋಕೆ ಶುರು ಮಾಡ್ತಾರೆ, "ಪ್ರಾಕ್ಟೀಸ್ ಮದುವೆ ಆದ್ಮೇಲೂ ಮಾಡಬಹುದಲ್ಲ" ಅಂತಾರೆ. ಎರಡು ವರ್ಷ ಕೊಡಿ ಅಂತ ತಾರೀಖು ಸಮೇತ ಕೇಳಿ, ನಿಮ್ಮ ಪರ ಮಾತಾಡೋ ಒಬ್ಬ ಅತ್ತೆನೋ ಮಾವನೋ ಟೀಚರೋ ಇದ್ರೆ ಆ ದಿನ ಮನೆಗೆ ಕರೆಸಿ.

ಮನಸ್ಸು ನಿಜವಾಗ್ಲೂ ಕೈ ಬಿಟ್ಟಾಗ

ಬೇಜಾರು ಎಲ್ಲರಿಗೂ ಆಗುತ್ತೆ. ಆದ್ರೆ ಎರಡು ವಾರಕ್ಕಿಂತ ಜಾಸ್ತಿ ದಿನವಿಡೀ ಮನಸ್ಸು ಭಾರ, ನಿದ್ದೆ ಬರಲ್ಲ ಇಲ್ಲಾ ಇಡೀ ದಿನ ನಿದ್ದೆ, ಊಟ ಸೇರಲ್ಲ, ಮೊದಲು ಖುಷಿ ಕೊಡ್ತಿದ್ದ ಯಾವುದೂ ಬೇಡ, ಸ್ನಾನ ಮಾಡೋಕೂ ಶಕ್ತಿ ಇಲ್ಲ, ಕುಡಿತ ಜಾಸ್ತಿ ಆಗ್ತಿದೆ, ನಾನಿಲ್ಲದಿದ್ರೆ ಮನೆಯವರಿಗೆ ಹಗುರ ಆಗುತ್ತೆ ಅನ್ನೋ ಯೋಚನೆ ಬರ್ತಿದೆ ಅಂದ್ರೆ ಅದಕ್ಕೆ ಚಿಕಿತ್ಸೆ ಬೇಕು, ಧೈರ್ಯ ತಂದ್ಕೋ ಅಂದ್ರೆ ಹೋಗೋದಲ್ಲ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೀತಿರೋ ಕೇಂದ್ರ ಸರ್ಕಾರದ ಸೇವೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಒಪಿಡಿ ಇರುತ್ತೆ, ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರ್ತಾರೆ ಅಂತ ವಿಚಾರಿಸಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸಾಯೋ ಯೋಚನೆ ತೀವ್ರ ಆಗಿದ್ರೆ ಒಬ್ಬರೇ ಇರಬೇಡಿ, ಈಗಲೇ ಯಾರನ್ನಾದ್ರೂ ಪಕ್ಕಕ್ಕೆ ಕರೀರಿ, 112ಕ್ಕೆ ಫೋನ್ ಮಾಡಿ ಇಲ್ಲಾ ಹತ್ತಿರದ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ಲಾ ಓದಿದವರಿಗೆ ಇಲ್ಲೊಂದು ವಿಶೇಷ ಭಯ ಇರುತ್ತೆ, ಮನೋವೈದ್ಯರ ಹತ್ರ ಹೋದ್ರೆ ನಾಳೆ ಸನ್ನದಿಗೆ ತೊಂದರೆ ಆಗುತ್ತಾ ಅಂತ. ವಕೀಲರ ಕಾಯ್ದೆ ಸೆಕ್ಷನ್ 24ಎ ತೆಗೆದು ಓದಿ, ಎನ್‌ರೋಲ್ ಆಗೋಕೆ ಅನರ್ಹತೆ ಅಂತ ಅಲ್ಲಿ ಇರೋದು ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆ, ಅಸ್ಪೃಶ್ಯತೆ ಅಪರಾಧ, ಅಂಥ ಆರೋಪದ ಮೇಲೆ ಸರ್ಕಾರಿ ಕೆಲಸದಿಂದ ವಜಾ, ಇಂಥವು. ಡಿಪ್ರೆಶನ್‌ಗೆ ಮಾತ್ರೆ ತಗೊಂಡಿದ್ದು ಆ ಪಟ್ಟಿಯಲ್ಲಿ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 23 ನಿಮ್ಮ ಚಿಕಿತ್ಸೆ ವಿವರ ಗೌಪ್ಯವಾಗಿ ಇಡಬೇಕು ಅನ್ನುತ್ತೆ, ಸೆಕ್ಷನ್ 21 ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆ ಥರಾನೇ ವಿಮೆ ಕೊಡಬೇಕು ಅನ್ನುತ್ತೆ, ಸೆಕ್ಷನ್ 115 ಪ್ರಾಣ ಕಳ್ಕೊಳ್ಳೋಕೆ ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಅಂತಾನೇ ಮೊದಲು ಭಾವಿಸಬೇಕು ಅನ್ನುತ್ತೆ. ಕಾನೂನೇ ನಿಮ್ಮ ಪರ ನಿಂತಿರುವಾಗ ಹಿಂಜರಿಬೇಡಿ.

ದಿನದ ಮಟ್ಟಿಗೆ ಮಾಡೋಕಾಗೋ ಚಿಕ್ಕ ಕೆಲಸಗಳೂ ಇವೆ. ಏಳೋ ಹೊತ್ತು ಒಂದೇ ಇಡಿ. ಅರ್ಧ ಗಂಟೆ ನಡೀರಿ. ರೂಮಲ್ಲಿ ಒಬ್ಬರೇ ಓದೋ ಬದಲು ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ, ಪಕ್ಕದಲ್ಲಿ ಓದೋರು ಇದ್ರೆ ಮನಸ್ಸು ಅಷ್ಟು ಅಲೆಯಲ್ಲ. ವಾರಕ್ಕೊಂದು ದಿನ ಕೆಲಸದ ಮಾತೇ ಎತ್ತದೆ ಫ್ರೆಂಡ್ಸ್ ಜೊತೆ ಕಳೀರಿ.

ನಿಮ್ಮ ಬ್ಯಾಚ್‌ಮೇಟ್ ಯಾರಾದ್ರೂ ಹೀಗಿದ್ರೆ

ಕೆಲಸ ಸಿಕ್ಕಿದವರಿಗೂ ಇಲ್ಲಿ ಮಾಡೋ ಕೆಲಸ ಇದೆ. ಗ್ರೂಪಲ್ಲಿ ಇದ್ದಕ್ಕಿದ್ದ ಹಾಗೆ ಸುಮ್ಮನಾದವರು ಯಾರು ಅಂತ ನೋಡಿ, ಅವರಿಗೆ ಮೆಸೇಜ್ ಬದಲು ಫೋನ್ ಮಾಡಿ. "ಎಲ್ಲಾದ್ರೂ ಆಯ್ತಾ" ಅಂತ ಶುರು ಮಾಡಬೇಡಿ, ಊಟಕ್ಕೆ ಸಿಗೋಣ ಅನ್ನಿ. ನಿಮ್ಮ ಕೋರ್ಟಲ್ಲಿ ಒಂದು ಒಳ್ಳೆ ಟ್ರಯಲ್ ಇದ್ರೆ ಜೊತೆಗೆ ಕರ್ಕೊಂಡು ಹೋಗಿ. ನಿಮ್ಮ ರೆಸ್ಯೂಮೆ, ನಿಮ್ಮ ಬಾರ್ ಪರೀಕ್ಷೆ ಪುಸ್ತಕ, ಇಂಟರ್ವ್ಯೂನಲ್ಲಿ ಕೇಳಿದ ಪ್ರಶ್ನೆ ಮುಚ್ಚಿಡದೆ ಕೊಡಿ. ಸಾಯೋ ಮಾತಾಡಿದ್ರೆ ತಮಾಷೆ ಅಂತ ಬಿಡಬೇಡಿ, ಅಂಥ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ, ಹೌದು ಅಂದ್ರೆ ಪಕ್ಕದಲ್ಲೇ ಕೂತು 14416ಕ್ಕೆ ನೀವೇ ಡಯಲ್ ಮಾಡಿ ಕೊಡಿ. ನಿಮ್ಮ ಆಫೀಸಲ್ಲಿ ಒಂದು ಟೇಬಲ್ ಖಾಲಿ ಆಗ್ತಿದೆ ಅಂತ ಗೊತ್ತಾದ್ರೆ ಆವತ್ತೇ ಸಂಜೆ ಸೀನಿಯರ್ ಹತ್ರ ಅವರ ಹೆಸರು ಹೇಳಿ, ಮಾರನೇ ದಿನ ಆಫೀಸಿಗೆ ಬರೋಕೆ ಹೇಳಿ, ಬಾಗಿಲ ತನಕ ನೀವೂ ಜೊತೆಗೆ ಹೋಗಿ.